ಬೀಟ್‌ರೂಟ್ ಹಮ್ಮಸ್, ಮನೆಯ ಮಿಕ್ಸಿಯಲ್ಲೇ

ಹಮ್ಮಸ್ ಅಂದರೆ ಬೇಯಿಸಿದ ಕಾಬೂಲ್ ಕಡಲೆಯನ್ನು ಎಳ್ಳಿನ ಜೊತೆ ನುಣ್ಣಗೆ ಅರೆದ, ರೊಟ್ಟಿ ಅದ್ದಿ ತಿನ್ನುವ ಚಟ್ನಿಯಂಥದ್ದು. ಲೆಬನಾನ್, ಪ್ಯಾಲೆಸ್ಟೀನ್ ಕಡೆಯ ಸಾದಾ ಹಮ್ಮಸ್‌ನಲ್ಲಿ ಬೀಟ್‌ರೂಟ್ ಇರುವುದಿಲ್ಲ. ಆದರೆ ಪಲ್ಯ ಅಂದರೆ ಮೂಗು ಮುರಿಯುವ ನಮ್ಮ ಚಿಕ್ಕವನು ಈ ಗುಲಾಬಿ ಬಣ್ಣಕ್ಕೆ ತಟ್ಟೆ ಹಿಡಿದು ಬರುತ್ತಾನೆ, ಇನ್ನೇನು ಬೇಕು?

ಒಂದು ಕಪ್ ಕಾಬೂಲ್ ಕಡಲೆಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ. ಸೋಡಾದಿಂದ ಸಿಪ್ಪೆಯೂ ಮೆತ್ತಗಾಗುತ್ತದೆ. ಆ ನೀರನ್ನು ಮಾತ್ರ ಪೂರ್ತಿ ಬಸಿದು, ಕಡಲೆಯನ್ನೊಮ್ಮೆ ತೊಳೆಯಿರಿ. ಸೋಡಾ ಉಳಿದರೆ ಬೀಟ್‌ರೂಟ್ ಬಣ್ಣ ಕೆಡುತ್ತದೆ.

ಚಿಕ್ಕ ಬೀಟ್‌ರೂಟ್ ಒಂದೇ ಸಾಕು, ಜಾಸ್ತಿ ಹಾಕಿದರೆ ಸಿಹಿ. ಸಿಪ್ಪೆ ಸಮೇತ ಇಡಿಯಾಗಿ ಆವಿಯಲ್ಲಿ ಬೇಯಿಸಿ. ಹೆಚ್ಚಿ ನೀರಿಗೆ ಹಾಕಿದರೆ ಬಣ್ಣವೆಲ್ಲ ನೀರಿನ ಪಾಲು.

ಅಂಗಡಿಯ ತಹೀನಿ, ಅಂದರೆ ಅರೆದ ಎಳ್ಳಿನ ಪೇಸ್ಟ್, ಸುಮ್ನೆ ದುಬಾರಿ. ಮೂರು ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಹುರಿದು, ಚಟಪಟ ಅನ್ನುತ್ತಲೇ ಇಳಿಸಿ. ಕೆಂಪಾದರೆ ಕಹಿ. ಎರಡು ಚಮಚ ಎಣ್ಣೆ ಬಿಟ್ಟು ಚಟ್ನಿ ಜಾರಿನಲ್ಲಿ ನುಣ್ಣಗೆ ಅರೆಯಿರಿ. ಒಂದು ಎಸಳು ಬೆಳ್ಳುಳ್ಳಿ, ಒಂದು ನಿಂಬೆಹಣ್ಣಿನ ರಸ, ಉಪ್ಪು, ಚೂರು ಹುರಿದ ಜೀರಿಗೆ ಸೇರಿಸಿ. ಆಮೇಲೆ ಕಡಲೆ, ಸಿಪ್ಪೆ ತೆಗೆದ ಬೀಟ್‌ರೂಟ್. ಗಟ್ಟಿ ಅನ್ನಿಸಿದರೆ ಐಸ್ ನೀರು ಚಿಮುಕಿಸಿ, ಮಿಕ್ಸಿ ಬಿಸಿಯಾಗದಂತೆ ಬಿಟ್ಟು ಬಿಟ್ಟು ತಿರುಗಿಸಿ.

ಮೇಲೊಂದಿಷ್ಟು ಆಲಿವ್ ಎಣ್ಣೆ. ಪೀಟಾ ರೊಟ್ಟಿ ಇಲ್ಲದಿದ್ದರೆ ಖಡಕ್ ಜೋಳದ ರೊಟ್ಟಿ ಮುರಿದು ಅದ್ದಿಕೊಳ್ಳಿ. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.