ಕಟಿಂಗ್ ಟೇಬಲ್ ಪಕ್ಕ ಒಂದು ತಕ್ಕಡಿ ಇಡಿ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಐಇ (ಇಂಡಸ್ಟ್ರಿಯಲ್ ಎಂಜಿನಿಯರ್). ಅಂದ್ರೆ ಸ್ಟಾಪ್‌ವಾಚ್ ಹಿಡಿದು ಲೈನಿನಲ್ಲಿ ನಿಂತು ಟೈಲರ್‌ಗಳಿಂದ ಬೈಸಿಕೊಳ್ಳುವ ಕೆಲಸ. ಈಗ ಬಯರ್‌ಗಳು ಎಫಿಶಿಯೆನ್ಸಿ ಜೊತೆಗೆ ‘ನಿಮ್ಮ ಚಿಂದಿ ಎಲ್ಲಿಗೆ ಹೋಗುತ್ತದೆ?’ ಅಂತಲೂ ಕೇಳುತ್ತಾರೆ. ಇದಕ್ಕೆ ಸಾಫ್ಟ್‌ವೇರ್ ಬೇಡ. ತಕ್ಕಡಿ, ಒಂದಷ್ಟು ಚೀಲ, ಒಂದು ರಿಜಿಸ್ಟರ್ ಸಾಕು.

ಮೊದಲು ರೋಲ್ ತೂಗಿ, ಒಳಗಿನ ರಟ್ಟಿನ ಕೊಳವೆಯ ತೂಕ ಕಳೆಯಿರಿ. ಕಟಿಂಗ್ ಆದ ಮೇಲೆ ಬಂಡಲ್ (ಹೊಲಿಯಲು ಕತ್ತರಿಸಿದ ಪಾರ್ಟ್‌ಗಳ ಕಟ್ಟು) ಬೇರೆ, ಚಿಂದಿ ಬೇರೆ ತೂಗಿ. 200 ಕೆ.ಜಿ. ಬಟ್ಟೆಯಿಂದ 168 ಕೆ.ಜಿ. ಬಂಡಲ್ ಬಂದರೆ ಬಳಕೆ ಶೇ. 84. ಕಂಪ್ಯೂಟರಿನ ಮಾರ್ಕರ್, ಅಂದ್ರೆ ಬಟ್ಟೆ ಮೇಲೆ ಪಾರ್ಟ್‌ಗಳನ್ನು ಜೋಡಿಸಿದ ನಕ್ಷೆ, ಇದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದು ನೋಡುವುದು ಮಾರ್ಕರ್ ಒಳಗಿನ ಜಾಗ ಮಾತ್ರ. ಲೇ (ಕತ್ತರಿಸಲು ಪದರ ಪದರವಾಗಿ ಹಾಸಿದ ಬಟ್ಟೆ) ತುದಿಯಲ್ಲಿ ಬಿಟ್ಟದ್ದು, ರೋಲಿನ ಕೊನೇ ತುಂಡು, ಡ್ಯಾಮೇಜ್ ಅಂತ ಕತ್ತರಿಸಿ ಎಸೆದದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಹುಷಾರ್, ಹತ್ತಿ ತೇವ ಹೀರುತ್ತದೆ. ಅವತ್ತಿನ ಚಿಂದಿ ಅವತ್ತೇ ತೂಗಿ.

ಉಳಿದ 32 ಕೆ.ಜಿ.ಯನ್ನು ಟೇಬಲ್ ಹತ್ತಿರವೇ ಬೇರೆ ಮಾಡಿ. ಸಂಜೆ ಮಾಡೋಣ ಅಂದರೆ ಎಲ್ಲಾ ಬೆರೆತು ಹೋಗಿರುತ್ತದೆ. ಬರೀ ಹತ್ತಿ ಒಂದು ಚೀಲಕ್ಕೆ, ಅದೂ ಬಣ್ಣದ ಪ್ರಕಾರ. ಪಾಲಿಯೆಸ್ಟರ್ ಬೆರಕೆ ಇನ್ನೊಂದಕ್ಕೆ. ಸ್ಪ್ಯಾಂಡೆಕ್ಸ್ (ಹಿಗ್ಗುವ ನೂಲು) ಇರುವುದು, ಕಾಲರಿನ ಫ್ಯೂಸಿಂಗ್ (ಗಟ್ಟಿಯಾಗಲು ಒಳಗೆ ಅಂಟಿಸುವ ಪದರ) ಅಂಟಿದ್ದು ಮತ್ತೊಂದಕ್ಕೆ. ಹತ್ತಿಯನ್ನು ಬಿಡಿಸಿ ಮತ್ತೆ ನೂಲು ತೆಗೆಯಬಹುದು, ಕೊನೆಯದರಿಂದ ಕಷ್ಟ. ಆ 32ರಲ್ಲಿ 20 ಕೆ.ಜಿ. ನೂಲಿನ ಮಿಲ್ಲಿಗೆ ಹೋದರೆ ಮರಳಿದ್ದು ಶೇ. 62.5. ಗ್ಯಾರೇಜಿಗೆ ಒರೆಸುವ ಬಟ್ಟೆಯಾಗಿ ಹೋದದ್ದನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಗ್ರೀಸ್ ಹತ್ತಿದ ಮೇಲೆ ಅದು ಮತ್ತೆ ನೂಲಾಗುವುದಿಲ್ಲ, ಅಲ್ವಾ? ಬಾಯ್ಲರಿಗೆ ಹಾಕಿದ್ದಂತೂ ಬೇಡವೇ ಬೇಡ. ಗುಜರಿಯವರ ಬಾಯಿಮಾತು ನಂಬಬೇಡಿ, ಮಿಲ್ಲಿನ ರಸೀದಿ ಕೇಳಿ.

ಲೈನ್ ಎಫಿಶಿಯೆನ್ಸಿ ಎಲ್ಲರಿಗೂ ಗೊತ್ತಿರುವುದೇ. ಪೀಸ್‌ಗಳನ್ನು ಸ್ಯಾಮ್‌ನಿಂದ (ಒಂದು ಪೀಸ್‌ಗೆ ನಿಗದಿಯಾದ ನಿಮಿಷ) ಗುಣಿಸಿ, ಜನ ಮತ್ತು ನಿಮಿಷದ ಗುಣಲಬ್ಧದಿಂದ ಭಾಗಿಸಿ. 40 ಜನ, 480 ನಿಮಿಷ, ಒಟ್ಟು 19,200. 20 ನಿಮಿಷದ ಶರ್ಟ್ 480 ಬಂದರೆ ಶೇ. 50. ಆದರೆ ಚೆಕಿಂಗ್‌ನಿಂದ ವಾಪಸ್ ಬಂದು, ಹೊಸ ತೋಳು ಕತ್ತರಿಸಿ ಹೊಲಿದ ಶರ್ಟೂ ಆ 480ರಲ್ಲಿ ಸೇರಿರುತ್ತದೆ. ಬಿಸಾಕಿದ ಹಳೇ ತೋಳು ಯಾರ ಲೆಕ್ಕದಲ್ಲೂ ಇಲ್ಲ. ಮೊದಲ ಸಲವೇ ಪಾಸಾದ 432 ಮಾತ್ರ ಹಿಡಿದರೆ ಶೇ. 45. ಸೂಪರ್‌ವೈಸರ್ ಮುಖ ಸಪ್ಪಗಾಗುತ್ತದೆ, ಆಗಲಿ ಬಿಡಿ. ಎರಡೂ ಅಂಕಿ ಪಕ್ಕಪಕ್ಕ ಬರೆಯಿರಿ. ಲೈನಿನ ಕೊನೆಯಲ್ಲಿ ಬದಲಿಸಿದ ಪಾರ್ಟ್‌ಗಳಿಗೇ ಒಂದು ಚೀಲ ಕಟ್ಟಿ, ಪ್ರತಿಯೊಂದಕ್ಕೂ ಯಾವ ಆಪರೇಷನ್‌ನಲ್ಲಿ ಕೆಟ್ಟಿತು ಅಂತ ಚೀಟಿ ಅಂಟಿಸಿ. ಶನಿವಾರ ಅದನ್ನು ತೂಗಿ ಚಿಂದಿಯ ಲೆಕ್ಕಕ್ಕೆ ಸೇರಿಸಿ.