ಕಲ್ಲಿದ್ದಲ ಬೆಂಕಿಯನ್ನು ಮೇಲಿಂದ ಕೆದಕಬೇಡಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಕ್ರಾಂಟನ್, ವಿಲ್ಕ್ಸ್-ಬ್ಯಾರಿ ಕಡೆ ಮನೆ ಮಾಡಿದ ನಮ್ಮ ಹುಡುಗರು, ಮನೆಯಲ್ಲಿರುವ ಕಲ್ಲಿದ್ದಲ ಒಲೆಗೆ ಬೆಂಕಿ ಹಾಕಿ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಕೆದಕುತ್ತಾರೆ. ಆಮೇಲೆ "ಈ ಕಲ್ಲು ಉರಿಯೋದೇ ಇಲ್ಲ" ಅಂತ ದೂರು. ಉರಿಯಲು ಬಿಟ್ಟರೆ ತಾನೇ!

ಅಲ್ಲಿನ ಗಣಿಯದು ಆಂತ್ರಸೈಟ್, ಗಟ್ಟಿ ಕಲ್ಲಿದ್ದಲು. ಇದಕ್ಕೆ ಗಾಳಿ ಕೆಳಗಿನಿಂದಲೇ ಬರಬೇಕು. 1808ರಲ್ಲಿ ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ಎಂಬಾತ ತೋರಿಸಿಕೊಟ್ಟದ್ದೂ ಅದನ್ನೇ: ಕಬ್ಬಿಣದ ಜಾಲರಿಯ ಮೇಲಿಟ್ಟರೆ ತಿದಿಯಿಲ್ಲದೆ ಮನೆಯೊಳಗೇ ಉರಿಯುತ್ತದೆ. ಕೈಯಿಂದ ತುಂಬುವ ಒಲೆಗೆ ಗೋಟಡಿಕೆ ಗಾತ್ರದ 'ನಟ್' ತನ್ನಿ. 'ರೈಸ್' ಅನ್ನುವ ಸಣ್ಣ ಚೂರು ಜಾಲರಿಯಿಂದ ಸೋರಿಹೋಗುತ್ತದೆ. ಅದೇನಿದ್ದರೂ ಯಂತ್ರವೇ ಕಲ್ಲಿದ್ದಲು ತುಂಬುವ ಸ್ಟೋಕರ್ ಒಲೆಗೆ.

ಮೊದಲು ಒಣ ಸೌದೆಯಲ್ಲಿ ಒಳ್ಳೆ ಕೆಂಡ ಮಾಡಿಕೊಂಡು, ಮೇಲೆ ತೆಳ್ಳಗೆ ಕಲ್ಲಿದ್ದಲು ಹರಡಿ. ಅದು ಹತ್ತಿದ ಮೇಲೆ ಇನ್ನೊಂದು ಪದರ. ಕೊನೆಗೆ ಒಲೆಯ ಒಳಗೋಡೆಯ ಇಟ್ಟಿಗೆಯ ಅಂಚಿನವರೆಗೆ ತುಂಬಿ. ಜಿಪುಣತನ ಮಾಡಿ ಅರ್ಧ ತುಂಬಿದರೆ ಆರಿಹೋಗುತ್ತದೆ.

ಬೆಳಿಗ್ಗೆ, ಸಂಜೆ ಎರಡೇ ಸಲ ಮುಟ್ಟಿದರೆ ಸಾಕು. ಮುಟ್ಟುವ ಕ್ರಮ ಮಾತ್ರ ತಪ್ಪಬಾರದು. ಕೆಳಗಿನ ಗಾಳಿ ಕಿಂಡಿ ತೆರೆದು ಬೆಂಕಿ ಚುರುಕಾಗಲು ಬಿಡಿ. ಆಮೇಲೆ ಜಾಲರಿಯ ಹಿಡಿಯನ್ನು ಚಿಕ್ಕದಾಗಿ, ಬೇಗಬೇಗ ಅಲುಗಾಡಿಸಿ. ಬೂದಿತಟ್ಟೆಗೆ ಕೆಂಪು ಬೆಳಕು ಎಲ್ಲ ಕಡೆ ಸಮನಾಗಿ ಬಿತ್ತೋ, ಅಲ್ಲಿಗೆ ನಿಲ್ಲಿಸಿ. ಇನ್ನೂ ಅಲುಗಾಡಿಸಿದರೆ ಕೆಂಡವೇ ಉದುರುತ್ತದೆ. ಹೊಸ ಕಲ್ಲಿದ್ದಲನ್ನು ಹಿಂದೆ ಎತ್ತರ, ಮುಂದೆ ಇಳಿಜಾರಾಗಿ ಸುರಿದು, ಮುಂದಿನ ಒಂದು ಮೂಲೆಯಲ್ಲಿ ಅಂಗೈಯಗಲ ಕೆಂಡವನ್ನು ಮುಚ್ಚದೆ ಬಿಡಿ. ಇದನ್ನೇ ಯಾರೂ ಕೇಳುವುದಿಲ್ಲ! ಹೊಸ ಕಲ್ಲಿದ್ದಲಿಂದ ಏಳುವ ಅನಿಲಕ್ಕೆ ಆ ಮೂಲೆಯೇ ಕಿಡಿ. ಪೂರ್ತಿ ಮುಚ್ಚಿದರೆ ಅನಿಲ ಒಳಗೇ ತುಂಬಿ, ಒಮ್ಮೆಲೇ ಹೊತ್ತಿ, ಧಡ್ ಎಂದು ಬಾಗಿಲು ಹಾರುತ್ತದೆ, ಹೊಗೆಕೊಳವೆಯ ಕೀಲು ಕಳಚುತ್ತದೆ. ಆ ಮೂಲೆಯಿಂದ ನೀಲಿ ಜ್ವಾಲೆ ಮೆಲ್ಲಗೆ ಹಿಂದಕ್ಕೆ ಹರಿದು, ಇಡೀ ರಾಶಿಯ ಮೇಲೆ ಕುಣಿಯತೊಡಗಿದ ಮೇಲೇ ಗಾಳಿ ತಗ್ಗಿಸಿ. ಅಲ್ಲಿಯವರೆಗೆ ಒಲೆ ಮುಂದಿನಿಂದ ಏಳಬೇಡಿ.

ನಮ್ಮ ಅಜ್ಜಿಯಂದಿರು ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ, ಬೆಳಿಗ್ಗೆ ಕೆದಕಿ, ಊದುಗೊಳವೆಯಿಂದ ಊದಿ ಬೆಂಕಿ ಎಬ್ಬಿಸುತ್ತಿದ್ದರು. ಆ ಬುದ್ಧಿ ಸೌದೆಗೆ ಸರಿ. ಇಲ್ಲಿ ಮೇಲಿಂದ ಕೆದಕಿದರೆ ಬೂದಿ ಕೆಂಡದೊಳಗೆ ಬೆರೆತು, ಕರಗಿ, ಗಟ್ಟಿಯಾಗಿ ಜಾಲರಿಗೆ ಕಚ್ಚಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ತುದಿ ಬಗ್ಗಿಸಿದ ಕಂಬಿಯಿಂದ ಕೆಳಗಿನಿಂದ ಬಿಡಿಸಿ.

ಬೂದಿತಟ್ಟೆ ತುಂಬಿ ಜಾಲರಿಗೆ ತಾಗಲು ಬಿಟ್ಟರೆ ಜಾಲರಿ ಕಾದು ಸೊಟ್ಟಗಾಗುತ್ತದೆ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿನಲ್ಲಿ ಹೊರಗಿಡಿ, ಮರದ ಡೆಕ್ಕಿನ ಮೇಲಲ್ಲ. ತಣ್ಣಗಾದ ಮೇಲೆ ಹಿಮ ಕಟ್ಟಿದ ದಾರಿಗೆ ಎರಚಬಹುದು. ಕರಿಬೇವಿನ ಕುಂಡಕ್ಕೆ ಹಾಕಬೇಡಿ, ಪಾತ್ರೆಯನ್ನೂ ತಿಕ್ಕಬೇಡಿ, ಗೀರು ಬೀಳುತ್ತದೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಚಿಟಿಕೆ ಉಪ್ಪು ಇರುವಾಗ ಬೂದಿಯ ಹಂಗೇಕೆ?

ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಮಲಗುವ ಕೋಣೆಯ ಹತ್ತಿರ ಅಲಾರ್ಮ್ ಇಲ್ಲದೆ ಒಲೆ ಹಚ್ಚಲೇಬೇಡಿ. ಚಳಿಗಾಲ ಮುಗಿದು ಒಲೆ ಆರಿಸಿದ ವಾರದಲ್ಲೇ ಕೊಳವೆ ಬಿಚ್ಚಿ ಬೂದಿ ತೆಗೆಯಿರಿ. ಅದರಲ್ಲಿರುವ ಗಂಧಕ ಬೇಸಿಗೆಯ ತೇವಕ್ಕೆ ತಗಡನ್ನೇ ತಿಂದುಹಾಕುತ್ತದೆ.