ಕೊನೆಗೆ ಸರಿಯಾಗಿ ಮಾತಾಡಿದ್ದು ಯಾವಾಗ?

ಎಮರ್ಜೆನ್ಸಿ ಡ್ಯೂಟಿಯ ಹೊಸದರಲ್ಲಿ ಲಕ್ವ ಹೊಡೆದವರನ್ನು ಕರೆತಂದರೆ "ಯಾವಾಗ ಆಯ್ತು?" ಎಂದು ಕೇಳುತ್ತಿದ್ದೆ. ಮನೆಯವರು "ಬೆಳಿಗ್ಗೆ 7ಕ್ಕೆ" ಅನ್ನುತ್ತಿದ್ದರು. ಅದು ಅವರು ನೋಡಿದ ಹೊತ್ತು, ಆದ ಹೊತ್ತಲ್ಲ. ರಾತ್ರಿ 10ಕ್ಕೆ ಮಲಗಿದವರಿಗೆ ನಿದ್ದೆಯಲ್ಲೇ ಕೈಕಾಲು ಬಿದ್ದಿರಬಹುದು, ಅಲ್ವಾ?

ರಕ್ತ ಹೆಪ್ಪುಗಟ್ಟಿ ಮೆದುಳಿನ ನಾಳ ಮುಚ್ಚಿದಾಗ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಸಮಯ. ಲೆಕ್ಕ ಶುರುವಾಗುವುದು ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ.

ಒಂದು ಬೆಳಿಗ್ಗೆ 8 ಗಂಟೆಗೆ ಒಬ್ಬ ರೈತರು ಬಂದರು. ಬಾಯಿ ಎಡಕ್ಕೆ ಎಳೆದಿತ್ತು. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಮಾತು ನಿಂತಿತ್ತು. ಜೊತೆಗಿದ್ದವರೆಲ್ಲ "ರಾತ್ರಿನೇ ಆಗಿರ್ಬೇಕು" ಅಂದರು. ನಾನು ಹೆಂಡತಿಯನ್ನು ಕೇಳಿದೆ, "ಅಮ್ಮಾ, ಇವತ್ತು ಹಾಲು ಕರೆದವರು ಯಾರು?" "ಅವರೇ ಡಾಕ್ಟ್ರೇ. ಡೇರಿಗೂ ಅವರೇ ಹಾಕಿ ಬಂದ್ರು. ಆರೂವರೆಗೆ ಬಂದು ನೀರು ಕೇಳಿದ್ರು." ಅಲ್ಲಿಗೆ ನಮ್ಮ ಕೈಯಲ್ಲಿ ಮೂರು ಗಂಟೆ ಉಳಿದಿತ್ತು.

ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದೆವು. ಸಕ್ಕರೆ ತೀರಾ ಇಳಿದರೂ ಥೇಟ್ ಲಕ್ವದ ಹಾಗೇ ಕಾಣುತ್ತದೆ. ಆಮೇಲೆ ತಲೆಯ ಸಿಟಿ ಸ್ಕ್ಯಾನ್. ಮೆದುಳಿನಲ್ಲಿ ರಕ್ತಸ್ರಾವ ಇದ್ದಾಗ ಈ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಅಪಾಯ. ಅವರಿಗೆ ರಕ್ತಸ್ರಾವ ಇರಲಿಲ್ಲ. ಬಿಪಿ 200/110 ಇತ್ತು, 185/110ಕ್ಕಿಂತ ಕೆಳಗೆ ತಂದು 9 ಗಂಟೆಯ ಒಳಗೆ ಇಂಜೆಕ್ಷನ್ ಶುರು ಮಾಡಿದೆವು. ಮಾರನೇ ದಿನ ಕೈ ಎತ್ತಿದರು. ಮಾತು ಬರಲು ವಾರಗಳೇ ಬೇಕಾದವು. ಎಲ್ಲರಿಗೂ ಇಷ್ಟು ಗುಣ ಕಾಣುವುದಿಲ್ಲ.

ಅವರ ನಾಡಿ ತಾಳ ತಪ್ಪಿ ಬಡಿಯುತ್ತಿತ್ತು. ಹೃದಯದ ಬಡಿತ ಹೀಗೆ ಏರುಪೇರಾದಾಗ ಒಳಗೆ ರಕ್ತ ಗಡ್ಡೆಯಾಗಿ ಮೆದುಳಿಗೆ ಹೋಗಬಹುದು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಲಕ್ವದಿಂದ ಬಂದರೆ ಬಾಲ್ಯದಲ್ಲಿ ಹೃದಯದ ಕವಾಟ ಕೆಡಿಸುವ ಕೀಲುನೋವಿನ ಜ್ವರ ಬಂದಿತ್ತೇ ಎಂದು ಕೇಳುತ್ತೇನೆ, ಸ್ಟೆತಾಸ್ಕೋಪ್ ಇಟ್ಟು ಕವಾಟದ ಸದ್ದು ಹುಡುಕುತ್ತೇನೆ. ಉಳಿದಂತೆ ಕಾರಣ ಬಿಪಿ, ಸಕ್ಕರೆ, ಬೀಡಿ. ನನಗೆ ತುಂಬಾ ನೋವಾಗುವುದು "ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಎಂಬ ಮಾತು ಕೇಳಿದಾಗ. ನಾರ್ಮಲ್ ಬಂದಿದ್ದು ಆ ಮಾತ್ರೆಯಿಂದಲೇ.

ಒಂದು ಸಲ ತಪ್ಪಿದ್ದೂ ಉಂಟು. ತಲೆಸುತ್ತು, ವಾಂತಿ ಎಂದು ಬಂದವರ ಕೈಕಾಲಿನಲ್ಲಿ ಶಕ್ತಿ ಚೆನ್ನಾಗಿತ್ತು. ಗ್ಯಾಸ್ ಇರಬೇಕು ಎಂದು ಇಂಜೆಕ್ಷನ್ ಬರೆದೆ. ಮನೆಗೆ ಹೊರಡಲು ಎದ್ದವರು ಒಂದೇ ಪಕ್ಕಕ್ಕೆ ವಾಲಿ ಬಿದ್ದರು. ಸಿಟಿಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಕಿರುಮೆದುಳಿನ ಸ್ಟ್ರೋಕ್ ಸಿಕ್ಕಿತು. ಅಂದಿನಿಂದ ತಲೆಸುತ್ತಿನವರನ್ನು ಒಂದು ನಾಲ್ಕು ಹೆಜ್ಜೆ ನಡೆಸದೆ ಕಳಿಸುವುದಿಲ್ಲ.

ಮನೆಯವರು ಗಾಬರಿಯಲ್ಲಿ ಕಾಫಿ ಕುಡಿಸುತ್ತಾರೆ, ಬಿಪಿ ಮಾತ್ರೆ ನಾಲಿಗೆ ಕೆಳಗೆ ಇಡುತ್ತಾರೆ. ನುಂಗಲಾಗದವರಿಗೆ ಕಾಫಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಪಿ ದಿಢೀರ್ ಕುಸಿದರೆ ಮೆದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆ. ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ ಎಂದು ಬೇಡಿಕೊಳ್ಳುತ್ತೇನೆ. ರೋಗಿಯನ್ನು ಕೊನೆಗೆ ನೋಡಿದವರು ಜೊತೆಗೇ ಬರಲಿ. ಬರಲಾಗದಿದ್ದರೆ ಅವರ ಫೋನ್ ನಂಬರ್ ಆದರೂ ಕಳಿಸಿ. ರೋಗಿಯನ್ನು ಸಿಟಿ ಸ್ಕ್ಯಾನ್‌ಗೆ ಸಾಗಿಸುವಾಗಲೇ ನಾನು ಅವರ ಜೊತೆ ಮಾತಾಡುತ್ತೇನೆ.